ಮೊದಲ ಲೋಟ ಯಾರ ಕೈಯಿಂದ? ಮಕ್ಕಳು, ಮದ್ಯ ಮತ್ತು ಮೇಷ್ಟರ ಹೊಣೆ



ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಹಿರಿಯರು ತಮ್ಮ ಆಯುಷ್ಯದ ಬಹುಭಾಗವನ್ನು ಹೈಸ್ಕೂಲು ಮಕ್ಕಳ ನಡುವೆ ಕಳೆದವರು. ಉಪನ್ಯಾಸ ಶಿಕ್ಷಣಕ್ಕೆ ಸಂಬಂಧಪಟ್ಟಿರಬೇಕು ಎಂಬುದೊಂದೇ ಅವರು ಹಾಕಿದ ಷರತ್ತು. ನಾನು ಆರಿಸಿಕೊಂಡ ವಿಷಯವನ್ನು ಫೋನಿನಲ್ಲಿ ಹೇಳಿದಾಗ ಸಂಘಟಕರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರ ತಪ್ಪೇನೂ ಇಲ್ಲ. ಶಾಲೆ, ಮಕ್ಕಳು, ಮದ್ಯ ಈ ಮೂರನ್ನು ಒಂದೇ ಉಸಿರಿನಲ್ಲಿ ಹೇಳಲು ನಮಗೆಲ್ಲ ಕಸಿವಿಸಿಯಾಗುತ್ತದೆ. ಪೋಷಕರ ಸಭೆಯಲ್ಲಿ ಮಕ್ಕಳ ಅಂಕ, ಹಾಜರಾತಿ, ಮೊಬೈಲು, ಬಿಸಿಯೂಟ ಎಲ್ಲವನ್ನೂ ಚರ್ಚಿಸುತ್ತೇವೆ. ಇದೊಂದನ್ನು ಮಾತ್ರ ಎತ್ತುವುದಿಲ್ಲ.

ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸುತ್ತಿದ್ದ ನಾನು, ಹೆಂಡತಿಯ ಉದ್ಯೋಗದ ನಿಮಿತ್ತ ದಕ್ಷಿಣ ಜರ್ಮನಿಗೆ ಹೋಗಬೇಕಾಯಿತು. ಸ್ಟುಟ್‌ಗಾರ್ಟ್ ಸೀಮೆಯ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಕೆಲಸ ಸಿಕ್ಕಿತು. ಗಣಿತ ಎಲ್ಲಿ ಹೋದರೂ ಒಂದೇ. ಅಲ್ಲಿ ನಾನು ಹೊಸದಾಗಿ ಕಲಿಯಬೇಕಾಗಿ ಬಂದದ್ದು, ಹದಿನಾರು ವರ್ಷದ ಹುಡುಗನ ಮುಂದೆ ಬಿಯರ್ ಲೋಟ ಇದ್ದಾಗ ಮೇಷ್ಟರಾದವನು ಎಲ್ಲಿ ನಿಲ್ಲಬೇಕು ಎಂಬುದನ್ನು. ನಮ್ಮ ಬಿ.ಎಡ್. ಪಠ್ಯದಲ್ಲಿ ಅದು ಇರಲಿಲ್ಲ.

ಮೊದಲು ಅಲ್ಲಿನ ಕಾನೂನು ಏನು ಹೇಳುತ್ತದೆ ನೋಡೋಣ. ಜರ್ಮನಿಯಲ್ಲಿ ಯುವಜನರ ರಕ್ಷಣೆಗೆಂದೇ ಒಂದು ಕಾಯ್ದೆ ಇದೆ. ಅದರ 9ನೇ ಕಲಮಿನ ಪ್ರಕಾರ ಬಿಯರ್, ವೈನ್, ಷಾಂಪೇನಿನಂಥ ನೊರೆ ವೈನ್ ಕೊಳ್ಳಲು, ಕುಡಿಯಲು 16 ವರ್ಷ ತುಂಬಿರಬೇಕು. ಬ್ರಾಂದಿ, ವಿಸ್ಕಿ, ವೋಡ್ಕಾ ಮುಂತಾದ ಭಟ್ಟಿ ಇಳಿಸಿದ ಮದ್ಯಕ್ಕೂ ಅವನ್ನು ಬೆರೆಸಿದ ಪಾನೀಯಕ್ಕೂ 18. ಇಷ್ಟಕ್ಕೇ ಮುಗಿಯುವುದಿಲ್ಲ. 14 ತುಂಬಿದ ಮಗು ತಂದೆ ಅಥವಾ ತಾಯಿಯ ಜೊತೆಗೆ ಹೋಟೆಲಿಗೆ ಹೋದರೆ, ಅವರು ಒಪ್ಪಿದರೆ, ಬಿಯರ್ ಅಥವಾ ವೈನ್ ಕುಡಿಯಬಹುದು. ಜೊತೆಗಿರುವವರು ಕಾನೂನಿನ ಪ್ರಕಾರ ಮಗುವಿನ ಪಾಲನೆಯ ಹಕ್ಕುಳ್ಳವರೇ ಆಗಿರಬೇಕು. ಚಿಕ್ಕಪ್ಪ, ಸೋದರಮಾವ, ಶಾಲೆಯ ಮೇಷ್ಟರು ಯಾರೂ ಆ ಜಾಗದಲ್ಲಿ ಕೂರುವಂತಿಲ್ಲ. ಹೊರಗಿನ ಜಾಗಗಳಿಗಷ್ಟೇ ಈ ಕಟ್ಟಳೆ. ಮನೆಯೊಳಗಿನ ಊಟದ ಮೇಜಿಗೆ ಕಾನೂನು ಕೈ ಹಾಕುವುದಿಲ್ಲ.

ಭಾರತದಿಂದ ಹೋದ ಯಾವ ಮೇಷ್ಟರಿಗೂ ಇದನ್ನು ಓದಿದಾಗ ಎದೆ ಧಸಕ್ಕೆನ್ನುತ್ತದೆ. ಒಂಬತ್ತನೇ ತರಗತಿಯ ಮಗು ಅಪ್ಪನ ಪಕ್ಕ ಕೂತು ಬಿಯರ್ ಕುಡಿಯಬಹುದು ಎಂದರೆ ಇದೆಂಥ ರಕ್ಷಣೆ ಎನಿಸುತ್ತದೆ. ನನಗೂ ಹಾಗೇ ಅನಿಸಿತು, ಈಗಲೂ ಆ ಕಲಮು ಸರಿ ಎಂದು ನಾನು ಹೇಳುವುದಿಲ್ಲ. ಆದರೆ ಅದೇ ಕಾಯ್ದೆಯಲ್ಲಿ ಇನ್ನೆರಡು ಸಂಗತಿಗಳಿವೆ. ಮದ್ಯ ಮಾರುವ ಪ್ರತಿ ಅಂಗಡಿ, ಪ್ರತಿ ಹೋಟೆಲು ಈ ವಯಸ್ಸಿನ ನಿಯಮಗಳನ್ನು ಗಿರಾಕಿಗೆ ಎದ್ದು ಕಾಣುವಂತೆ ಗೋಡೆಗೆ ಹಾಕಿರಬೇಕು. ನಿಯಮ ಮುರಿದರೆ ದಂಡ ಮಾರಿದವನಿಗೆ, ಕೊಟ್ಟವನಿಗೆ. ಅದು 50,000 ಯೂರೋ ತನಕ ಹೋಗಬಹುದು. ಕುಡಿದ ಮಗುವಿಗೆ ದಂಡವಿಲ್ಲ. ಹೊಣೆಯೆಲ್ಲ ದೊಡ್ಡವರ ಮೇಲೆ. ನನ್ನ ಇಂದಿನ ಮಾತಿಗೆ ಈ ಎರಡು ಸಂಗತಿಗಳೇ ಆಧಾರ.

ಆ ನೆಲದಲ್ಲಿ ಮದ್ಯಕ್ಕಿರುವ ಜಾಗ ತಿಳಿಯದೆ ಆ ಕಾನೂನು ಅರ್ಥವಾಗುವುದಿಲ್ಲ. ನೆಕ್ಕಾರ್ ನದಿಯ ಎರಡೂ ದಂಡೆಯ ಇಳಿಜಾರುಗಳಲ್ಲಿ ದ್ರಾಕ್ಷಿ ಬಳ್ಳಿಯ ಸಾಲುಗಳು. ಸ್ಟುಟ್‌ಗಾರ್ಟ್ ನಗರದ ಒಳಗೇ ದ್ರಾಕ್ಷಿ ತೋಟಗಳಿವೆ. ಅಲ್ಲಿಂದ ಸ್ವಲ್ಪ ಉತ್ತರಕ್ಕೆ ಬ್ರಾಕನ್‌ಹೈಮ್ ಎಂಬ ಊರಿದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1811ರಲ್ಲಿ ಹುಟ್ಟಿದ್ದು ಅಲ್ಲಿ. ವುರ್ಟೆಂಬೆರ್ಗ್ ಸೀಮೆಯ ದೊಡ್ಡ ವೈನ್ ಊರುಗಳಲ್ಲಿ ಅದೊಂದು. ಅಂಥ ಸೀಮೆಯಿಂದ ಬಂದ ಪಾದ್ರಿಗಳ ಬಾಸೆಲ್ ಮಿಷನ್ 1834ರಲ್ಲಿ ಕರಾವಳಿಗೆ ಕಾಲಿಟ್ಟ ಮೇಲೆ, ತಮ್ಮ ಸಭೆಗೆ ಸೇರಿದ ಬಿಲ್ಲವರು ಶೇಂದಿ ಇಳಿಸುವ ಕಸುಬನ್ನು ಬಿಡಬೇಕಾಯಿತು. ಹೊಟ್ಟೆಪಾಡು ಕಳೆದುಕೊಂಡವರಿಗೆ ಕೆಲಸ ಕೊಡಬೇಕಾದ ಒತ್ತಡವೂ ನೇಯ್ಗೆ ಶಾಲೆ, ಹಂಚಿನ ಕಾರ್ಖಾನೆಗಳ ಹಿಂದೆ ಇತ್ತು. 1865ರಲ್ಲಿ ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಶುರುವಾಯಿತು. ಒಂದು ನಾಡಿನ ಮರದಿಂದ ಇಳಿಯುವ ಪಾನೀಯ ಇನ್ನೊಂದು ನಾಡಿನಿಂದ ಬಂದವರಿಗೆ ಪಾಪವಾಗಿ ಕಾಣುವುದು, ಅವರ ಬಳ್ಳಿಯಿಂದ ಬರುವುದು ನಮಗೆ ಹಾಗೆ ಕಾಣುವುದು, ಇದು ಹೊಸದಲ್ಲ. ತೀರ್ಪು ಕೊಡುವ ಮೊದಲು ಎರಡು ನಿಮಿಷ ತಡೆಯಬೇಕು ಎಂದು ನನಗೆ ಹೊಳೆದದ್ದು ಬ್ರಾಕನ್‌ಹೈಮಿನ ಬೀದಿಯಲ್ಲಿ ನಡೆದಾಡುವಾಗ.

ಜರ್ಮನಿ ಎಂದರೆ ಒಂದೇ ಬಗೆಯ ಅಭ್ಯಾಸ ಎಂದೂ ತಿಳಿಯಬಾರದು. ನಿಘಂಟಿನ ಕಿಟೆಲ್ ಹುಟ್ಟಿದ ಉತ್ತರದ ಕಡಲಂಚಿನ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ ಜನ ಜಗತ್ತಿನಲ್ಲೇ ಅತಿ ಹೆಚ್ಚು ಚಹಾ ಕುಡಿಯುತ್ತಾರೆ. ದಿನಕ್ಕೆ ಹಲವು ಸಲ, ಕಲ್ಲುಸಕ್ಕರೆ ಹಾಕಿ, ಕೆನೆ ತೇಲಿಬಿಟ್ಟು.

ದಕ್ಷಿಣದ ಆ ವೈನ್ ಸೀಮೆಯಲ್ಲಿ ದ್ರಾಕ್ಷಿ ಬೆಳೆಯುವ ರೈತರು ವರ್ಷದಲ್ಲಿ ಹೆಚ್ಚೆಂದರೆ ನಾಲ್ಕು ತಿಂಗಳು ತಮ್ಮ ಮನೆಯ ಪಡಸಾಲೆಯನ್ನೋ ಕೊಟ್ಟಿಗೆಯನ್ನೋ ಖಾನಾವಳಿಯಾಗಿ ತೆರೆಯಬಹುದು. ನಲವತ್ತು ಜನ ಕೂರುವಷ್ಟು ಜಾಗ, ಸ್ವಂತ ತೋಟದ ವೈನ್, ಸರಳ ಊಟ. ತೆರೆದಿದೆ ಎನ್ನುವುದಕ್ಕೆ ಗುರುತು ಬಾಗಿಲಿಗೆ ನೇತುಹಾಕಿದ ಪೊರಕೆ. ಅಕ್ಟೋಬರಿನ ಒಂದು ಸಂಜೆ ಸಹೋದ್ಯೋಗಿಯೊಬ್ಬರು ಅಂಥ ಮನೆಗೆ ಕರೆದುಕೊಂಡು ಹೋದರು. ಒಲೆಯಿಂದ ಆಗಷ್ಟೇ ತೆಗೆದ ಈರುಳ್ಳಿ ಕೇಕಿನ ತಟ್ಟೆಗಳನ್ನು ಹಿಡಿದು ಬಂದವಳು ನನ್ನ ತರಗತಿಯ ಹದಿನಾಲ್ಕರ ಹುಡುಗಿ. ಅದು ಅವಳ ಅಜ್ಜನ ಮನೆ. ಮೇಜಿನ ಮೇಲೆ ಆ ವರ್ಷದ ಇನ್ನೂ ಹುಳಿಯುತ್ತಿರುವ ಮಸುಕು ಬಿಳಿ ವೈನ್. ಕೆಲಸ ಮುಗಿಸಿ ಅವಳು ತಾಯಿಯ ಪಕ್ಕ ಬಂದು ಕೂತಾಗ ಅವಳ ಮುಂದೆ ಇಟ್ಟದ್ದು ಅದೇ ತೋಟದ ದ್ರಾಕ್ಷಿ ರಸ. ಅಜ್ಜ ತಮ್ಮ ಲೋಟವನ್ನು ಅವಳ ಕಡೆ ಸರಿಸಿದರು. ಅವಳು ಬಾಯಿಗಿಟ್ಟು ಒಂದು ಗುಟುಕು ನುಂಗಿ, ಕಳೆದ ವರ್ಷದ್ದಕ್ಕಿಂತ ಹುಳಿ ಎಂದು ಹೇಳಿ, ಲೋಟ ವಾಪಸು ಕೊಟ್ಟಳು. ಅಜ್ಜ ತಲೆಯಾಡಿಸಿದರು. ನಮ್ಮಲ್ಲಿ ಅಡಿಕೆ ಬೆಳೆಗಾರರ ಮನೆಯ ಮಗು ಹಸ ಯಾವುದು, ರಾಶಿ ಯಾವುದು ಎಂದು ಹೇಳಿದ ಹಾಗೆ ಅವಳು ತನ್ನ ಮನೆಯ ಬೆಳೆಯ ಬಗ್ಗೆ ಮಾತಾಡಿದ್ದಳು. ಅಲ್ಲಿ ಗುಟ್ಟಿರಲಿಲ್ಲ, ಸಂಭ್ರಮವೂ ಇರಲಿಲ್ಲ. ಮೇಷ್ಟರು ನೋಡಿಬಿಟ್ಟರಲ್ಲ ಎಂಬ ಅಳುಕು ಆ ಹುಡುಗಿಯ ಮುಖದಲ್ಲಿ ಕಾಣಲಿಲ್ಲ.

ಇದೇ ಆ ಸಮಾಜದ ಪೂರ್ತಿ ಚಿತ್ರ ಎಂದು ಹೇಳಿದರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಸ್ಟುಟ್‌ಗಾರ್ಟಿನ ಕಾನ್‌ಸ್ಟಾಟ್‌ನಲ್ಲಿ ಪ್ರತಿ ಶರತ್ಕಾಲದಲ್ಲಿ ದೊಡ್ಡ ಜಾತ್ರೆ ನಡೆಯುತ್ತದೆ. ಅದರ ಹುಟ್ಟು ಹಸಿವಿನಲ್ಲಿ. 1815ರಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ಕೊಳೆತು ಜನ ಹಸಿವಿನಿಂದ ಕಂಗಾಲಾದರು. ಆಮೇಲೆ ಸುಗ್ಗಿ ಬಂದಾಗ ವುರ್ಟೆಂಬೆರ್ಗಿನ ದೊರೆ ಒಂದನೇ ವಿಲ್ಹೆಲ್ಮ್ ಮತ್ತು ರಾಣಿ ಕಥರೀನಾ 1818ರಲ್ಲಿ ಶುರುಮಾಡಿದ ಕೃಷಿ ಮೇಳವೇ ಇಂದಿನ ಜಾತ್ರೆ. ಹಣ್ಣು, ಧಾನ್ಯಗಳಿಂದ ಸಿಂಗರಿಸಿದ ಎತ್ತರದ ಕಂಬವನ್ನು ಈಗಲೂ ಅಲ್ಲಿ ನಿಲ್ಲಿಸುತ್ತಾರೆ. ಆದರೆ ಇವತ್ತು ಜನ ನೆರೆಯುವುದು ಮುಖ್ಯವಾಗಿ ಬಿಯರ್ ಡೇರೆಗಳಿಗೆ. ಒಂದೊಂದು ಲೀಟರಿನ ಗಾಜಿನ ಲೋಟಗಳು, ಬೆಂಚಿನ ಮೇಲೆ ಹತ್ತಿ ನಿಂತು ಹಾಡುವ ಹರೆಯದವರು, ಸಂಜೆಯಾದ ಮೇಲೆ ರೈಲು ನಿಲ್ದಾಣದ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತವರು. ಪೊರಕೆ ಮನೆಯಲ್ಲಿ ಗುಟುಕಿಗೆ ನಿಲ್ಲಿಸಿದ ಅದೇ ವಯಸ್ಸಿನವರಲ್ಲಿ ಕೆಲವರಾದರೂ ಎರಡು ವರ್ಷದ ನಂತರ ಆ ಮೆಟ್ಟಿಲ ಮೇಲಿರುತ್ತಾರೆ.

ಲೆಕ್ಕವೂ ಅದನ್ನೇ ಹೇಳುತ್ತದೆ. ಜರ್ಮನಿಯಲ್ಲಿ 15 ವರ್ಷ ಮೀರಿದ ಒಬ್ಬೊಬ್ಬರ ಪಾಲಿಗೆ ವರ್ಷಕ್ಕೆ 10 ಲೀಟರಿಗೂ ಮಿಕ್ಕಿ ಶುದ್ಧ ಆಲ್ಕೋಹಾಲ್ ಬರುತ್ತದೆ. ಕುಡಿತದ ಚಟಕ್ಕೆ ಬಿದ್ದವರು ಸುಮಾರು 16 ಲಕ್ಷ. ತಂದೆ ಅಥವಾ ತಾಯಿಯ ಕುಡಿತದ ನೆರಳಲ್ಲಿ ಬೆಳೆಯುವ ಮಕ್ಕಳು ಸುಮಾರು 26 ಲಕ್ಷ ಎಂಬುದು ಅಲ್ಲಿ ಸಾಮಾನ್ಯವಾಗಿ ಕೊಡುವ ಅಂದಾಜು. ‘ಮನೆಯಲ್ಲೇ ಕೊಟ್ಟು ಕಲಿಸಿದರೆ ಹೊರಗೆ ಅತಿಯಾಗಿ ಕುಡಿಯುವುದಿಲ್ಲ’ ಎಂಬ ಮಾತನ್ನು ಯುರೋಪಿನಲ್ಲಿ ಬಹಳ ಜನ ನಂಬುತ್ತಾರೆ. ಬೆಂಗಳೂರಿನ ಕೆಲವು ಮನೆಗಳಲ್ಲೂ ಈಗ ಈ ಮಾತು ಕೇಳಿಬರುತ್ತಿದೆ. ಆಸ್ಟ್ರೇಲಿಯಾದಲ್ಲಿ 1,900ಕ್ಕೂ ಹೆಚ್ಚು ಹದಿಹರೆಯದವರನ್ನು ಆರು ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನವೊಂದು 2018ರಲ್ಲಿ ‘ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್’ ಪತ್ರಿಕೆಯಲ್ಲಿ ಬಂತು. ಅಪ್ಪ ಅಮ್ಮನೇ ಮದ್ಯ ಕೊಟ್ಟ ಮಕ್ಕಳಿಗೆ ಅದರಿಂದ ಯಾವ ರಕ್ಷಣೆಯೂ ಸಿಗಲಿಲ್ಲ, ಬದಲಿಗೆ ಮುಂದೆ ಒಮ್ಮೆಲೇ ಹೆಚ್ಚು ಕುಡಿಯುವುದು, ಅದರಿಂದ ತೊಂದರೆಗೆ ಸಿಕ್ಕುವುದು ಅವರಲ್ಲೂ ಹೆಚ್ಚಿತ್ತು ಎಂದು ಅದು ತೋರಿಸಿತು. ಆದ್ದರಿಂದ ಜರ್ಮನಿಯ ರಾಜ್ಯಗಳ ಆರೋಗ್ಯ ಸಚಿವರ ಸಮ್ಮೇಳನ 2025ರ ಜೂನ್‌ನಲ್ಲಿ, 14ರ ಮಗುವಿಗೆ ಹೆತ್ತವರ ಜೊತೆ ಕುಡಿಯಲು ಬಿಡುವ ಕಲಮನ್ನು ತೆಗೆದುಹಾಕಬೇಕು ಎಂದು ಒತ್ತಾಯಿಸಿದ್ದು ಸರಿಯಾದ ಹೆಜ್ಜೆ. ಮನೆಯ ಪ್ರೀತಿಯಿಂದ ಕೊಟ್ಟರೂ ಆಲ್ಕೋಹಾಲ್ ಆಲ್ಕೋಹಾಲೇ.

ಹಾಗಿದ್ದರೆ ಅಲ್ಲಿಂದ ನಾವು ಕಲಿಯುವುದೇನಿದೆ? ಇದಕ್ಕೆ ಉತ್ತರವನ್ನು ನಾನು ಕಂಡದ್ದು ಒಂದು ಪೋಷಕರ ಸಭೆಯಲ್ಲಿ.

ಹತ್ತನೇ ತರಗತಿಯ ಮಕ್ಕಳನ್ನು ಒಂದು ವಾರ ಬರ್ಲಿನ್ನಿಗೆ ಕರೆದುಕೊಂಡು ಹೋಗುವುದಿತ್ತು. ಆ ತರಗತಿಯಲ್ಲಿ ಅರ್ಧ ಜನಕ್ಕೆ ಹದಿನಾರು ತುಂಬಿತ್ತು, ಉಳಿದವರಿಗೆ ಇನ್ನೂ ಹದಿನೈದು. ಅಂದರೆ ಒಂದೇ ಮೇಜಿನಲ್ಲಿ ಕೂತ ಇಬ್ಬರು ಗೆಳೆಯರಲ್ಲಿ ಒಬ್ಬನಿಗೆ ಬಿಯರ್ ಕೊಳ್ಳುವ ಹಕ್ಕಿದೆ, ಇನ್ನೊಬ್ಬನಿಗಿಲ್ಲ. ಇಬ್ಬರ ಹೊಣೆಯೂ ಮೇಷ್ಟರ ಮೇಲೆ. ಪೋಷಕರಿಗೆ ಕೊಟ್ಟ ಒಪ್ಪಿಗೆ ಪತ್ರದಲ್ಲಿ ಈಜು ಬರುತ್ತದೆಯೇ, ಔಷಧಿಯ ಅಲರ್ಜಿ ಇದೆಯೇ ಎಂಬ ಪ್ರಶ್ನೆಗಳ ಕೆಳಗೆ ಇನ್ನೊಂದು ಸಾಲು: ‘16 ತುಂಬಿದ ನನ್ನ ಮಗ/ಮಗಳು ಕೊನೆಯ ದಿನದ ರಾತ್ರಿಯೂಟದಲ್ಲಿ, ಶಿಕ್ಷಕರು ಇರುವಾಗ, ಒಂದು ಲೋಟ ಬಿಯರ್ ಕುಡಿಯಲು ಒಪ್ಪಿಗೆ ಇದೆ / ಇಲ್ಲ.’ ಪಕ್ಕದಲ್ಲಿ ಎರಡು ಚೌಕ.

ಆ ಸಾಲಿನ ಮೇಲೆ ಒಂದು ಗಂಟೆಗೂ ಮೇಲೆ ಚರ್ಚೆ ನಡೆಯಿತು. ದ್ರಾಕ್ಷಿ ರೈತರೊಬ್ಬರು, ತಮ್ಮ ಮಗ ಮನೆಯಲ್ಲಿ ಕುಡಿಯುವುದನ್ನು ಬರ್ಲಿನ್ನಿನಲ್ಲಿ ಕದ್ದು ಕುಡಿಯುವುದು ತಮಗೆ ಬೇಡ, ಅದಕ್ಕೇ ಒಪ್ಪಿಗೆ ಎಂದರು. ಅಮೆರಿಕದಿಂದ ಬಂದಿದ್ದ ತಂದೆಯೊಬ್ಬರಿಗೆ ಇಂಥ ಸಾಲು ಶಾಲೆಯ ಕಾಗದದಲ್ಲಿ ಇರುವುದೇ ನಂಬಲಾಗಲಿಲ್ಲ. ಅವರ ದೇಶದಲ್ಲಿ 1984ರ ಕಾನೂನು ಬಂದ ಮೇಲೆ ಎಲ್ಲ ರಾಜ್ಯಗಳಲ್ಲೂ ಮದ್ಯ ಕೊಳ್ಳುವ ವಯಸ್ಸು 21 ಆಗಿದೆ. ತುರ್ಕಿ ಮೂಲದ ತಾಯಿ ಎದ್ದು ನಿಂತು, ನಮ್ಮ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ, ಮಗಳಿಗೂ ಕಾರಣ ಹೇಳಿದ್ದೇನೆ, ಆದರೆ ಅವಳ ಗೆಳತಿಯರ ಮುಂದೆ ಲೋಟ ಬಂದಾಗ ಅವಳೊಬ್ಬಳೇ ಬೇರೆಯಾಗಿ ಕಾಣದ ಹಾಗೆ ನೋಡಿಕೊಳ್ಳಿ ಎಂದು ಕೇಳಿಕೊಂಡರು. ಆ ದಿನ ಅತ್ಯಂತ ತೂಕದ ಮಾತಾಡಿದವರು ಆ ತಾಯಿ. ಕೊನೆಗೆ ಶಾಲೆ ಆ ಸಾಲನ್ನೇ ತೆಗೆದುಹಾಕಿ, ಪ್ರವಾಸದಲ್ಲಿ ಯಾರಿಗೂ ಮದ್ಯವಿಲ್ಲ, ಜೊತೆಗೆ ಹೋಗುವ ಶಿಕ್ಷಕರಿಗೂ ಇಲ್ಲ ಎಂದು ನಿಶ್ಚಯಿಸಿತು. ನಿಶ್ಚಯಕ್ಕಿಂತ ಹೆಚ್ಚಾಗಿ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಒಂದು ಗಂಟೆಯ ಮಾತು. ಹೆತ್ತವರು, ಮೇಷ್ಟರು ಒಂದೇ ಕೋಣೆಯಲ್ಲಿ ಕೂತು, ನಮ್ಮ ಮಕ್ಕಳು ಮತ್ತು ಮದ್ಯ ಎಂಬ ವಿಷಯವನ್ನು ಗಟ್ಟಿ ದನಿಯಲ್ಲಿ ಆಡಿದರು. ಒಬ್ಬರ ಮಾತು ಇನ್ನೊಬ್ಬರಿಗೆ ಹಿಡಿಸಲಿಲ್ಲ. ಆದರೆ ಯಾರೂ ಮುಖ ತಿರುಗಿಸಲಿಲ್ಲ.

ಯಾರೂ ಎಂದೆ. ಹಿಂದಿನ ಸಾಲಿನಲ್ಲಿ ನಮ್ಮವರೊಬ್ಬರಿದ್ದರು. ಆ ಸೀಮೆಯ ಮೋಟಾರು ಮತ್ತು ಸಾಫ್ಟ್‌ವೇರ್ ಕಂಪನಿಗಳಿಗೆ ಬೆಂಗಳೂರಿನಿಂದ ಬಂದ ಕನ್ನಡ ಕುಟುಂಬಗಳು ಅಲ್ಲಿ ಬೇಕಾದಷ್ಟಿವೆ. ಸಭೆಯುದ್ದಕ್ಕೂ ಅವರು ಫೋನು ನೋಡುತ್ತ ಕೂತಿದ್ದರು. ಮುಗಿದ ಮೇಲೆ ಕಾರಿಡಾರಿನಲ್ಲಿ ನನ್ನ ಹತ್ತಿರ ಬಂದು, ದನಿ ತಗ್ಗಿಸಿ ಕನ್ನಡದಲ್ಲಿ ಹೇಳಿದರು:

‘ಸರ್, ನಮ್ಮ ಹುಡುಗ ಅದನ್ನೆಲ್ಲ ಮುಟ್ಟೋನಲ್ಲ. ಇದೆಲ್ಲ ಇವರ ಮಕ್ಕಳಿಗೆ ಸಂಬಂಧಪಟ್ಟಿದ್ದು. ನಾನು ಆ ಎರಡೂ ಚೌಕ ಖಾಲಿ ಬಿಟ್ಟಿದ್ದೀನಿ, ಪರವಾಗಿಲ್ವಾ?’

‘ಅವನ ಹತ್ತಿರ ಮಾತಾಡಿದ್ದೀರಾ?’ ಎಂದು ಕೇಳಿದೆ.

‘ಅಯ್ಯೋ, ನಾವಾಗೇ ಯಾಕೆ ಆ ವಿಷಯ ತೆಗೀಬೇಕು ಸರ್? ಇಲ್ಲದ್ದು ತಲೆಗೆ ಹೋಗುತ್ತೆ.’

ಅವರು ಒಳ್ಳೆಯ ಮನುಷ್ಯರು. ಮಗನ ಮೇಲೆ ಪ್ರಾಣ ಇಟ್ಟುಕೊಂಡವರು. ಮರುದಿನ ಆ ಹುಡುಗ, ಆ ಸಾಲು ಹೋಗುವ ಮೊದಲೇ ತುಂಬಿದ್ದ ಒಪ್ಪಿಗೆ ಪತ್ರವನ್ನು ಅಂಟಿಸಿದ ಲಕೋಟೆಯಲ್ಲಿ ತಂದುಕೊಟ್ಟ. ಕೊಡುವಾಗ ಸುತ್ತ ನೋಡಿ, ‘ಸರ್, ಅಪ್ಪ ಏನು ಬರೆದಿದ್ದಾರೆ?’ ಎಂದು ಕೇಳಿದ. ಆ ತರಗತಿಯಲ್ಲಿ ತನ್ನ ಮನೆಯವರ ಉತ್ತರ ಗೊತ್ತಿಲ್ಲದ ಹುಡುಗ ಅವನೊಬ್ಬನೇ. ಮಿಕ್ಕವರಿಗೆ ಹೌದು ಎಂದೋ ಇಲ್ಲ ಎಂದೋ ತಿಳಿದಿತ್ತು, ಯಾಕೆ ಎಂದೂ ತಿಳಿದಿತ್ತು. ಇವನ ತಲೆಗೆ ಆ ವಿಷಯ ಎಂದೋ ಹೋಗಿತ್ತು. ಅಪ್ಪನ ಮಾತೊಂದು ಅದರ ಜೊತೆಗೆ ಹೋಗಿರಲಿಲ್ಲ ಅಷ್ಟೆ. ನಾನು ಲಕೋಟೆಯನ್ನು ಅವನ ಕೈಗೇ ವಾಪಸು ಕೊಟ್ಟು, ಮನೆಗೆ ಹೋಗಿ ಅಪ್ಪನ ಮುಂದೆಯೇ ತೆರೆದು ಕೇಳು ಎಂದೆ.

ಪರದೇಶದಲ್ಲಿ ಪಾಠ ಹೇಳುವವರಿಗೆ ಈ ವಿಷಯದಲ್ಲಿ ಎರಡು ಸೆಳೆತಗಳಿರುತ್ತವೆ. ನಮ್ಮ ಊರಿನ ಅಸಹ್ಯವನ್ನು ಹೊತ್ತುಕೊಂಡು ಹೋಗಿ, ಕುಡಿಯುವ ಸಮಾಜವೆಲ್ಲ ಕೆಟ್ಟದ್ದು ಎಂದು ತರಗತಿಯಲ್ಲಿ ನಿಂತು ಹೇಳುವುದು ಒಂದು. ಅಲ್ಲಿಯ ಮಗುವಿಗೆ ತನ್ನ ಅಜ್ಜನ ಮನೆಯೇ ಕೆಟ್ಟದ್ದು ಎಂದು ಹೇಳಿದ ಹಾಗಾಗುತ್ತದೆ. ಆಮೇಲೆ ಆ ಮಗು ನಿಮ್ಮ ಯಾವ ಮಾತಿಗೂ ಕಿವಿಗೊಡುವುದಿಲ್ಲ. ಇನ್ನೊಂದು, ಇದು ಅವರ ಸಂಸ್ಕೃತಿ, ನಮಗೇಕೆ ಎಂದು ಕೈಕಟ್ಟಿ ಕೂರುವುದು. ನಾನು ಕಂಡ ಪರದೇಶಿ ಶಿಕ್ಷಕರಲ್ಲಿ ಹೆಚ್ಚಿನವರು ಬೀಳುವುದು ಈ ಎರಡನೆಯದಕ್ಕೆ, ಅದು ಸುಲಭ ಎಂಬ ಕಾರಣಕ್ಕೆ. ಮಗು ತೂರಾಡುತ್ತಿದ್ದರೆ ಅಲ್ಲಿ ಸಂಸ್ಕೃತಿಯ ಮಾತಿಲ್ಲ. ಆ ಗಳಿಗೆಯಲ್ಲಿ ಮೇಷ್ಟರು ಯಾವ ದೇಶದವರು ಎಂಬ ಪ್ರಶ್ನೆಯೂ ಇಲ್ಲ.

ಸಂಸ್ಕೃತಿ ಎಂಬುದು ಬದಲಾಗದ್ದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಫ್ರಾನ್ಸಿನ ಶಾಲೆಗಳ ಊಟದ ಕೋಣೆಯಲ್ಲಿ ಮಕ್ಕಳಿಗೆ ನೀರು ಬೆರೆಸಿದ ವೈನ್, ಸೈಡರ್ ಕೊಡುವ ರೂಢಿ ಇತ್ತು. 14ರ ಕೆಳಗಿನವರಿಗೆ ಅದನ್ನು ನಿಲ್ಲಿಸಿದ್ದು 1956ರಲ್ಲಿ. ಹಿರಿಯ ಪ್ರೌಢಶಾಲೆಗಳಲ್ಲಿ ಪೂರ್ತಿ ನಿಂತದ್ದು 1981ರಲ್ಲಿ. ಇವತ್ತಿನ ಫ್ರೆಂಚ್ ತಾಯಿಗೆ ಇದನ್ನು ಹೇಳಿದರೆ ಬೆಚ್ಚಿಬೀಳುತ್ತಾಳೆ. ಜರ್ಮನಿಯಲ್ಲೂ ಬದಲಾವಣೆ ಕಣ್ಣಿಗೆ ಕಾಣುವಂತಿದೆ. 12ರಿಂದ 17ರ ವಯಸ್ಸಿನವರಲ್ಲಿ ವಾರಕ್ಕೆ ಒಮ್ಮೆಯಾದರೂ ಕುಡಿಯುವವರು 2004ರಲ್ಲಿ ನೂರಕ್ಕೆ 21 ಇದ್ದರು. 2021ರಲ್ಲಿ 9ಕ್ಕಿಂತ ಕಡಿಮೆ.

ಅದು ತಾನಾಗಿ ಇಳಿಯಲಿಲ್ಲ. ಹಣ್ಣಿನ ರಸದಂತೆ ಸಿಹಿಯಾಗಿ, ಬಣ್ಣಬಣ್ಣದ ಸೀಸೆಯಲ್ಲಿ ಬರುತ್ತಿದ್ದ ಮದ್ಯಗಳ ಮೇಲೆ 2004ರ ಜುಲೈಯಲ್ಲಿ ವಿಶೇಷ ತೆರಿಗೆ ಹಾಕಿದರು; ಅವು ಹುಡುಗರ ಕೈಗೆಟುಕದಾದವು. 2007ರ ಆಗಸ್ಟಿನಿಂದ 21 ತುಂಬದವರು, ಹೊಸದಾಗಿ ಲೈಸೆನ್ಸ್ ಪಡೆದವರು ಗಾಡಿ ಓಡಿಸುವಾಗ ಒಂದು ತೊಟ್ಟನ್ನೂ ಕುಡಿದಿರಬಾರದು. ಹೋಟೆಲಿನ ಪಟ್ಟಿಯಲ್ಲಿ ಅತಿ ಅಗ್ಗದ ಮದ್ಯಕ್ಕಿಂತ ದುಬಾರಿಯಲ್ಲದ ಮದ್ಯರಹಿತ ಪಾನೀಯ ಒಂದಾದರೂ ಇರಲೇಬೇಕು ಎಂದು ಕಾನೂನಿದೆ. ಜನ ಅದನ್ನು ಸೇಬಿನ ರಸದ ಕಲಮು ಎಂದು ಕರೆಯುತ್ತಾರೆ. ಜೇಬಿನಲ್ಲಿ ಕಡಿಮೆ ದುಡ್ಡಿರುವ ಹುಡುಗ ಅಗ್ಗ ಎಂಬ ಕಾರಣಕ್ಕೆ ಬಿಯರ್ ತೆಗೆದುಕೊಳ್ಳುವಂತಾಗಬಾರದು ಎಂಬುದು ಅದರ ಹಿಂದಿನ ಕಾಳಜಿ. ನಮ್ಮಲ್ಲಿ ಇಂಥ ಕಲಮೊಂದು ಬರಬೇಕೆಂದು ನನಗೆ ಬಹಳ ಆಸೆ.

ಅವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಸ್ವಿಸ್ ಗಡಿಯ ಲೊರಾಖ್ ಎಂಬ ಸಣ್ಣ ಊರಿನಲ್ಲಿ 2003ರ ಹೊತ್ತಿಗೆ ಶುರುವಾದ ‘ಹಾಲ್ಟ್’ ಎಂಬ ಯೋಜನೆ. ಅತಿಯಾಗಿ ಕುಡಿದು ಪ್ರಜ್ಞೆ ತಪ್ಪಿದ ಮಗುವನ್ನು ಆಸ್ಪತ್ರೆಗೆ ತಂದರೆ, ಅಮಲು ಇಳಿದು ಎಚ್ಚರವಾದ ಮೇಲೆ, ಮನೆಗೆ ಕಳಿಸುವ ಮೊದಲೇ, ಆಪ್ತ ಸಲಹೆಗಾರರು ಹಾಸಿಗೆಯ ಪಕ್ಕ ಬಂದು ಕೂರುತ್ತಾರೆ. ಬೈಯುವುದಿಲ್ಲ. ನಿನ್ನೆ ಏನಾಯಿತು, ಯಾರ ಜೊತೆ ಇದ್ದೆ, ಮುಂದಿನ ವಾರ ಅದೇ ಗೆಳೆಯರು ಕರೆದರೆ ಏನು ಮಾಡುತ್ತೀ ಎಂದು ಕೇಳುತ್ತಾರೆ. ಹೆತ್ತವರ ಜೊತೆ ಬೇರೆಯಾಗಿ ಮಾತಾಡುತ್ತಾರೆ. ಮಾರಿದ ಅಂಗಡಿಯವರು, ಊರ ಹಬ್ಬ ನಡೆಸುವ ಸಂಘದವರು, ಶಾಲೆ ಎಲ್ಲರನ್ನೂ ಸೇರಿಸಿಕೊಳ್ಳುತ್ತಾರೆ. ಒಂದು ಊರಿನಲ್ಲಿ ಹುಟ್ಟಿದ ಈ ಕ್ರಮ ದೇಶದ ಉದ್ದಗಲಕ್ಕೆ ಹರಡಿತು. ಹೀಗೆ ಆಸ್ಪತ್ರೆ ಸೇರುವ 10ರಿಂದ 19ರ ವಯಸ್ಸಿನವರು 2012ರಲ್ಲಿ 26,000ಕ್ಕೂ ಹೆಚ್ಚಿದ್ದರು. ಸುಮಾರು ಹತ್ತು ವರ್ಷದಲ್ಲಿ ಅದು ಅರ್ಧಕ್ಕಿಂತ ಕೆಳಗಿಳಿಯಿತು. ಕೊರೊನಾ ಕಾಲದ ಬಾಗಿಲು ಮುಚ್ಚಿದ ಹೋಟೆಲುಗಳಿಗೂ ಇದರಲ್ಲಿ ಪಾಲಿದೆ, ನಿಜ. ಆದರೆ ಇಳಿತ ಅದಕ್ಕೂ ಮೊದಲೇ ಶುರುವಾಗಿತ್ತು.

ಈಗ ನಮ್ಮ ಕಡೆ ಬರೋಣ. ನಮ್ಮಲ್ಲಿ ಕಾನೂನಿಗೆ ಕೊರತೆ ಇಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆ 18 ತುಂಬದವರಿಗೆ ಮಾರಬಾರದು ಎನ್ನುತ್ತದೆ. ಅದರಡಿ 1967ರಲ್ಲಿ ಬಂದ ಸನ್ನದು ನಿಯಮ 21 ಎನ್ನುತ್ತದೆ. 2023ರ ಜನವರಿಯಲ್ಲಿ ನಿಯಮದ 21ನ್ನು 18ಕ್ಕೆ ಇಳಿಸುವ ಕರಡು ಹೊರಬಿತ್ತು, ಜನ ವಿರೋಧಿಸಿದರು, ಅದೇ ತಿಂಗಳು ಸರ್ಕಾರ ಹಿಂತೆಗೆದುಕೊಂಡಿತು. ಆ ಕೆಲವು ದಿನ ಪತ್ರಿಕೆಗಳಲ್ಲಿ ನಡೆದ ಚರ್ಚೆ ಪೂರ್ತಿ ಹದಿನೆಂಟೋ ಇಪ್ಪತ್ತೊಂದೋ ಎಂಬ ಅಂಕಿಯ ಸುತ್ತ. ಹದಿಮೂರರ ಹುಡುಗನ ಬಗ್ಗೆ ಯಾರೂ ಮಾತೆತ್ತಲಿಲ್ಲ.

ಆ ಹುಡುಗನನ್ನು ನಾನು ಬಲ್ಲೆ. ನಾನು ಕಲಿಸಿದ ಊರೊಂದರಲ್ಲಿ ಸಂಜೆ ಅಪ್ಪನಿಗೆ ಕ್ವಾರ್ಟರ್ ತರಲು ಹೋಗುತ್ತಿದ್ದ ಎಂಟನೇ ತರಗತಿಯವನೊಬ್ಬನಿದ್ದ. ಯಾವ ಬ್ರ್ಯಾಂಡಿಗೆ ಎಷ್ಟು, ನೂರರ ನೋಟಿಗೆ ಎಷ್ಟು ಚಿಲ್ಲರೆ ಬರಬೇಕು ಎಂಬುದು ಅವನಿಗೆ ಬಾಯಿಪಾಠ. ಕಳೆಯುವ ಲೆಕ್ಕದಲ್ಲಿ ತರಗತಿಗೆ ಅವನೇ ಮೊದಲು. ಟೆಟ್ರಾ ಪ್ಯಾಕನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಬರುವಾಗ ಎದುರಿಗೆ ಮೇಷ್ಟರು ಕಂಡರೆ ಗದ್ದೆಯ ಬದುವಿಗೆ ಇಳಿದುಬಿಡುತ್ತಿದ್ದ. ಅಂಗಡಿಯವರಿಗೆ ಅವನ ಪರಿಚಯವಿತ್ತು, ಊರಿಗೂ ಗೊತ್ತಿತ್ತು. ಯಾರ ಬಾಯಿಂದಲೂ ಒಂದು ಮಾತು ಹೊರಡಲಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಮಗುವಿಗೆ ಮದ್ಯ ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. 78ನೇ ಸೆಕ್ಷನ್ ಪ್ರಕಾರ ಮದ್ಯ ಮಾರಲು, ಸಾಗಿಸಲು, ತಲುಪಿಸಲು ಮಗುವನ್ನು ಬಳಸಿದವರಿಗೂ ಅಷ್ಟೇ. ಇಷ್ಟು ಬಿಗಿಯಾದ ಕಾನೂನು ಜರ್ಮನಿಯಲ್ಲಿ ಇಲ್ಲ. ಇದು ಇದೆ ಎಂದು ನಮ್ಮ ಶಿಕ್ಷಕರ ಕೊಠಡಿಗಳಲ್ಲಿ ಎಷ್ಟು ಜನರಿಗೆ ಗೊತ್ತಿದೆ?

2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಂತಾಗ, 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಹಳ್ಳಿಯ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದಾಗ, ಮನೆಯ ನೋವನ್ನು ಬೀದಿಗೆ ತಂದು ಹೇಳುವ ಧೈರ್ಯ ತೋರಿಸಿದವರು ತಾಯಂದಿರು. ಶಾಲೆಗಳು ಆ ಧೈರ್ಯದ ಅರ್ಧವನ್ನೂ ತೋರಿಸಿಲ್ಲ. ನಾವು ಅಕ್ಟೋಬರ್ 2ರಂದು ಮದ್ಯಪಾನ ವಿರೋಧಿ ಪ್ರಬಂಧ ಬರೆಸುತ್ತೇವೆ, ಬಹುಮಾನ ಕೊಡುತ್ತೇವೆ. ಅಪ್ಪನಿಗೆ ಸೀಸೆ ತಂದುಕೊಡುವ ಹುಡುಗ ಅದೇ ಪ್ರಬಂಧ ಬರೆದು ಮನೆಗೆ ಹೋಗುತ್ತಾನೆ.

ಜರ್ಮನಿಯ ಬಿಯರ್ ಲೋಟ ನಮಗೆ ಬೇಡ. 14ರ ಮಗುವಿಗೆ ಕೊಡುವ ಆ ಸಲುಗೆ ಅಲ್ಲಿಗೂ ಬೇಡ. ನಮಗೆ ಬೇಕಾದದ್ದು ಗೋಡೆಗೆ ಅಂಟಿಸಿದ ಆ ಕಾಗದ, ಆ ಒಂದು ಗಂಟೆಯ ಸಭೆ, ಆಸ್ಪತ್ರೆಯ ಹಾಸಿಗೆಯ ಪಕ್ಕ ಬಂದು ಕೂರುವ ಒಬ್ಬ ಮನುಷ್ಯ. ಮಗುವಿನ ಕೈಗೆ ಮದ್ಯ ಬಂದರೆ ಅದಕ್ಕೆ ಹೊಣೆ ಯಾರು ಎಂದು ಹೆಸರು ಹಿಡಿದು ಹೇಳಬಲ್ಲ ಊರು.

ಇಲ್ಲಿ ಮುಖ್ಯೋಪಾಧ್ಯಾಯರು ಅನೇಕರು ಕೂತಿದ್ದೀರಿ. ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟೆ. ಮುಂದಿನ ಶಾಲಾ ವರ್ಷದ ಮೊದಲ ಪೋಷಕರ ಸಭೆಯಲ್ಲಿ, ಎಂಟನೇ ತರಗತಿಯ ತಂದೆತಾಯಿಗಳ ಮುಂದೆ, ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ. 77 ಮತ್ತು 78ನೇ ಸೆಕ್ಷನ್‌ಗಳನ್ನು ಕನ್ನಡದಲ್ಲಿ ಬರೆಸಿ ಶಾಲೆಯ ಸೂಚನಾ ಫಲಕಕ್ಕೆ ಹಾಕಿ. ಊರಿನ ಮದ್ಯದಂಗಡಿಯವರಿಗೂ ಒಂದು ಪ್ರತಿ ಕಳಿಸಿ. ಪೋಷಕರೇ, ನಿಮ್ಮ ಮಗ ಅಥವಾ ಮಗಳಿಗೆ ಹದಿಮೂರು ತುಂಬುವ ಮೊದಲೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಮ್ಮ ಮನೆಯ ಉತ್ತರ ಇದು, ಕಾರಣ ಇದು ಎಂದು ನಿಮ್ಮ ಬಾಯಿಂದಲೇ ಹೇಳಿ. ಇವತ್ತು ರಾತ್ರಿಯ ಊಟದ ಹೊತ್ತಿಗೇ ಹೇಳಬಹುದು.